ಕೃತ್ತಿಕೆಯ ಸುತ್ತಲಿನ ನೀಲಿ ಮಂಜು ನಿಜವೇ? ಮನೆಯ ತಾರಸಿಯಿಂದ ಅದರ ಫೋಟೋ ತೆಗೆಯಬಹುದೇ?

ಸಾರಾಂಶ

ಕೃತ್ತಿಕಾ ನಕ್ಷತ್ರಪುಂಜದ ಸುತ್ತ ನೀಲಿ ಮಂಜು ಹರಡಿರುವ ಚಿತ್ರಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತವೆ. ‘ಇವತ್ತು ರಾತ್ರಿ ಬರಿಗಣ್ಣಿಗೆ ಹೀಗೇ ಕಾಣುತ್ತದೆ’ ಎಂದು ಕೆಲವರು, ‘ಇದೆಲ್ಲ ಕಂಪ್ಯೂಟರ್‌ನಲ್ಲಿ ಬಳಿದ ಬಣ್ಣ’ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ತಪ್ಪು.

ನೀಲಿ ಬಣ್ಣ ಎಲ್ಲಿಂದ ಬಂತು?

ಕೃತ್ತಿಕೆ ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿದೆ. ಅದರಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿದ್ದರೂ ಬರಿಗಣ್ಣಿಗೆ ಕಾಣುವುದು ಆರೇಳು ಮಾತ್ರ. ಅಲ್ಲಿರುವ ದೂಳು ನಕ್ಷತ್ರಗಳ ಬೆಳಕನ್ನು ಚದುರಿಸುತ್ತದೆ. ಮಂಜಿನಂತೆ ಕಾಣುವುದು ಈ ಬೆಳಕೇ. ಬಣ್ಣ ನಿಜ, ಆದರೆ ತೀರಾ ಮಂದ. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸಲಾರದು. ಕ್ಯಾಮೆರಾ ಮಾತ್ರ ನಿಮಿಷಗಟ್ಟಲೆ ಬೆಳಕನ್ನು ಕೂಡಿಟ್ಟುಕೊಳ್ಳಬಲ್ಲದು.

ಮನೆಯಿಂದ ತೆಗೆಯುವುದು ಹೇಗೆ?

ಜನವರಿಯಲ್ಲಿ ರಾತ್ರಿ 8ರ ಸುಮಾರಿಗೆ ಕರ್ನಾಟಕದಲ್ಲಿ ಕೃತ್ತಿಕೆ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಚಂದ್ರನಿಲ್ಲದ ರಾತ್ರಿ ಆರಿಸಿಕೊಳ್ಳಿ.

• ಫೋನನ್ನು ಸ್ಟ್ಯಾಂಡ್‌ಗೆ ಸಿಕ್ಕಿಸಿ, ಟೈಮರ್ ಬಳಸಿ. ಕೈ ತಾಗಿದರೆ ಚಿತ್ರ ಅಲುಗುತ್ತದೆ.
• ಪ್ರೊ ಮೋಡ್‌ನಲ್ಲಿ ಫೋಕಸ್ಸನ್ನು ಅನಂತಕ್ಕೆ, ಐಎಸ್‌ಒ 800ರಿಂದ 1600ಕ್ಕೆ ಇಡಿ.
• ಎಕ್ಸ್‌ಪೋಷರ್ 10 ಸೆಕೆಂಡಿನಿಂದ ಶುರು ಮಾಡಿ. ತುಂಬಾ ಹೆಚ್ಚಿಸಿದರೆ, ಭೂಮಿ ತಿರುಗುವುದರಿಂದ ಚುಕ್ಕೆಗಳು ಗೆರೆಗಳಾಗುತ್ತವೆ.
• ಹೀಗೆ ಹತ್ತಾರು ಫೋಟೋ ತೆಗೆದು, ‘ಸಿರಿಲ್’ನಂಥ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಜೋಡಿಸಿ. 100 ಫೋಟೋಗಳ ಸರಾಸರಿ ತೆಗೆದರೆ ಚಿತ್ರದಲ್ಲಿನ ಕಾಳುಕಾಳಾದ ಕಲೆಗಳು ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತವೆ.

ಫಲಿತಾಂಶ ಹೇಗಿರುತ್ತದೆ?

ನಗರದ ತಾರಸಿಯಿಂದ ಫೋನಿನಲ್ಲಿ ಸಿಗುವುದು ಪುಟ್ಟ ಚುಕ್ಕೆಗಳ ಗೊಂಚಲು. ಬೀದಿದೀಪಗಳ ಬೆಳಕು ಮಂಜನ್ನು ನುಂಗಿಬಿಡುತ್ತದೆ. ಅದು ಚೆನ್ನಾಗಿ ಮೂಡಬೇಕಾದರೆ ಕತ್ತಲೆಯ ಊರು, ಉದ್ದನೆಯ ಲೆನ್ಸ್, ಆಕಾಶದ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಸಾಧನ ಮತ್ತು ಗಂಟೆಗಟ್ಟಲೆ ತಾಳ್ಮೆ ಬೇಕು. ಹಾಗೆಂದು ನಿಮ್ಮ ಚುಕ್ಕೆಗಳು ಕಡಿಮೆಯೇನಲ್ಲ. ಗೆಲಿಲಿಯೋ 1610ರಲ್ಲಿ ದೂರದರ್ಶಕದಿಂದ ನೋಡಿ ಪ್ರಕಟಿಸಿದ ಕೃತ್ತಿಕೆಯ ಚಿತ್ರದಲ್ಲಿದ್ದುದು 36 ನಕ್ಷತ್ರಗಳು. ನಿಮ್ಮ ಫೋಟೋದಲ್ಲಿ ಎಷ್ಟಿವೆ, ಎಣಿಸಿ ನೋಡಿ.

ಫಾರ್ವರ್ಡ್ ಮಾಡುವ ಮುನ್ನ

ಚಿತ್ರವನ್ನು ಎಲ್ಲಿಂದ, ಯಾವ ಕ್ಯಾಮೆರಾದಲ್ಲಿ, ಒಟ್ಟು ಎಷ್ಟು ಹೊತ್ತು ತೆಗೆದದ್ದು ಎಂದು ಕೇಳಿ. ನಿಜವಾಗಿ ತೆಗೆದವರು ಸಾಮಾನ್ಯವಾಗಿ ಈ ವಿವರಗಳನ್ನು ಖುಷಿಯಿಂದ ಹೇಳುತ್ತಾರೆ. ‘ನಗರದಲ್ಲಿ, ಫೋನಿನ ಒಂದೇ ಕ್ಲಿಕ್‌ನಲ್ಲಿ’ ದಟ್ಟ ನೀಲಿ ಮಂಜು ಸಿಕ್ಕಿತು ಎಂದರೆ ನಂಬಬೇಡಿ.