ಹಾಸನ ಜಿಲ್ಲೆ ಮತ್ತು ಜನಾಭಿಪ್ರಾಯ ಸಮೀಕ್ಷೆಗಳು

ಜನಾಭಿಪ್ರಾಯ ಸಮೀಕ್ಷೆ ಎಂದರೆ ಆಯ್ದ ಕೆಲವರನ್ನು ಪ್ರಶ್ನಿಸಿ, ಅವರ ಉತ್ತರಗಳಿಂದ ಇಡೀ ಜನಸಮುದಾಯದ ಒಲವನ್ನು ಅಂದಾಜಿಸುವ ವಿಧಾನ. ಚುನಾವಣೆ ಹಾಗೂ ಮಾರುಕಟ್ಟೆ ಅಧ್ಯಯನಗಳೆರಡರಲ್ಲಿಯೂ ಇದನ್ನು ಬಳಸಲಾಗುತ್ತದೆ. ಕರ್ನಾಟಕದ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಚುನಾವಣಾ ಫಲಿತಾಂಶಗಳು ಈ ವಿಧಾನದ ಶಕ್ತಿ ಮತ್ತು ಮಿತಿಗಳೆರಡಕ್ಕೂ ಉದಾಹರಣೆಗಳಾಗಿವೆ.

ವಿಧಗಳು

ಮತದಾನಕ್ಕೆ ಮೊದಲು ನಡೆಯುವುದು ಚುನಾವಣಾಪೂರ್ವ ಸಮೀಕ್ಷೆ. ಮತಗಟ್ಟೆಯಿಂದ ಹೊರಬಂದವರನ್ನು ಪ್ರಶ್ನಿಸುವುದು ಮತಗಟ್ಟೆ ಸಮೀಕ್ಷೆ. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿ ವಿಭಾಗವು ಮತದಾನದ ನಂತರ ಮತದಾರರ ಮನೆಗಳಿಗೆ ತೆರಳಿ ನಡೆಸುವ ಮತದಾನೋತ್ತರ ಸಮೀಕ್ಷೆಯು ಮೂರನೆಯ ಬಗೆಯದು.

ರಾಜ್ಯಮಟ್ಟದ ಅಂದಾಜುಗಳು

2018ರ ವಿಧಾನಸಭಾ ಚುನಾವಣೆಯಲ್ಲಿ ಇಂಡಿಯಾ ಟುಡೇ–ಆಕ್ಸಿಸ್ ಮೈ ಇಂಡಿಯಾ ಸಮೀಕ್ಷೆಯು ಕಾಂಗ್ರೆಸ್‌ಗೆ 106ರಿಂದ 118 ಸ್ಥಾನಗಳನ್ನು ಅಂದಾಜಿಸಿತ್ತು. ಆದರೆ 104 ಸ್ಥಾನ ಗಳಿಸಿದ ಭಾರತೀಯ ಜನತಾ ಪಕ್ಷವು ಅತಿದೊಡ್ಡ ಪಕ್ಷವಾಯಿತು. 2023ರಲ್ಲಿ ಅದೇ ಸಮೀಕ್ಷೆಯು ಕಾಂಗ್ರೆಸ್‌ಗೆ 122ರಿಂದ 140 ಸ್ಥಾನಗಳನ್ನು ಸೂಚಿಸಿತು. ಆ ಪಕ್ಷ 135 ಸ್ಥಾನಗಳನ್ನು ಗೆದ್ದಿತು.

ಕ್ಷೇತ್ರಮಟ್ಟದ ಮಿತಿಗಳು

ರಾಜ್ಯದ ಅಂದಾಜು ಸರಿಯಾದರೂ ಅದು ಪ್ರತಿ ಕ್ಷೇತ್ರಕ್ಕೆ ಅನ್ವಯಿಸುವುದಿಲ್ಲ. 10,000 ಮತದಾರರ ಮಾದರಿಯನ್ನು 224 ಕ್ಷೇತ್ರಗಳಿಗೆ ಹಂಚಿದರೆ ಒಂದು ಕ್ಷೇತ್ರಕ್ಕೆ ಸುಮಾರು 45 ಮಂದಿ ಮಾತ್ರ ದೊರೆಯುತ್ತಾರೆ. ಯಾದೃಚ್ಛಿಕವಾಗಿ ಆಯ್ದ 1,000 ಜನರ ಮಾದರಿಯಲ್ಲಿ ದೋಷದ ಅಂತರ ಸುಮಾರು ಶೇ. 3 ಇದ್ದರೆ, 45 ಜನರ ಮಾದರಿಯಲ್ಲಿ ಅದು ಸುಮಾರು ಶೇ. 15ಕ್ಕೆ ಏರುತ್ತದೆ. 2023ರಲ್ಲಿ ಹೊಳೆನರಸೀಪುರದಲ್ಲಿ ಜನತಾದಳ (ಜಾತ್ಯತೀತ) ಪಕ್ಷದ ಎಚ್.ಡಿ. ರೇವಣ್ಣ ಅವರು ಕಾಂಗ್ರೆಸ್‌ನ ಶ್ರೇಯಸ್ ಪಟೇಲ್ ವಿರುದ್ಧ ಗೆದ್ದದ್ದು 3,152 ಮತಗಳಿಂದ. ಇಷ್ಟು ಕಡಿಮೆ ಅಂತರವನ್ನು ಅಂತಹ ಮಾದರಿಯಿಂದ ಗುರುತಿಸಲಾಗದು.

ಪಕ್ಷದ ಬಗೆಗಿನ ಪ್ರಶ್ನೆ ಮತ್ತು ವ್ಯಕ್ತಿಯ ಬಗೆಗಿನ ಪ್ರಶ್ನೆ ಬೇರೆ ಬೇರೆ ಉತ್ತರಗಳನ್ನು ತರಬಲ್ಲವು. ಎ. ಮಂಜು ಅವರು 2018ರಲ್ಲಿ ಅರಕಲಗೂಡಿನಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಸೋತರು, 2019ರಲ್ಲಿ ಹಾಸನ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯಿಂದ ಸ್ಪರ್ಧಿಸಿದರು, 2023ರಲ್ಲಿ ಜೆಡಿಎಸ್‌ನಿಂದ ಅರಕಲಗೂಡಿನಲ್ಲಿ ಗೆದ್ದರು. ಅಲ್ಲಿ ಪಕ್ಷೇತರ ಅಭ್ಯರ್ಥಿ ಎರಡನೆಯ ಸ್ಥಾನ ಪಡೆದರು. ಸಮೀಕ್ಷೆಗಳು ಸಾಮಾನ್ಯವಾಗಿ ಇಂಥವರನ್ನು 'ಇತರರು' ಎಂಬ ಒಂದೇ ಗುಂಪಿಗೆ ಸೇರಿಸುತ್ತವೆ. ಇದಕ್ಕೆ ಭಿನ್ನವಾಗಿ, ಚನ್ನರಾಯಪಟ್ಟಣ ತಾಲ್ಲೂಕನ್ನು ಒಳಗೊಂಡ ಶ್ರವಣಬೆಳಗೊಳ ಕ್ಷೇತ್ರವು 2013, 2018 ಮತ್ತು 2023ರಲ್ಲಿ ಜೆಡಿಎಸ್‌ನ ಸಿ.ಎನ್. ಬಾಲಕೃಷ್ಣ ಅವರನ್ನೇ ಆರಿಸಿತು.

ಮೈತ್ರಿಗಳ ಬದಲಾವಣೆಯೂ ಹಳೆಯ ಮತಪ್ರಮಾಣವನ್ನು ಆಧರಿಸಿದ ಲೆಕ್ಕಾಚಾರವನ್ನು ಕೆಡಿಸುತ್ತದೆ. 2019ರಲ್ಲಿ ಕಾಂಗ್ರೆಸ್ ಮೈತ್ರಿಯೊಡನೆ ಜೆಡಿಎಸ್ ಹಾಸನ ಲೋಕಸಭಾ ಕ್ಷೇತ್ರವನ್ನು 1.41 ಲಕ್ಷ ಮತಗಳ ಅಂತರದಿಂದ ಗೆದ್ದಿತ್ತು. 2024ರಲ್ಲಿ ಬಿಜೆಪಿ ಮೈತ್ರಿಯೊಡನೆ ಸ್ಪರ್ಧಿಸಿ, ಶ್ರೇಯಸ್ ಪಟೇಲ್ ಎದುರು 42,649 ಮತಗಳಿಂದ ಸೋತಿತು. 1999ರಲ್ಲಿ ಇದೇ ಕ್ಷೇತ್ರದಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರನ್ನು ಸೋಲಿಸಿದ್ದ ಜಿ. ಪುಟ್ಟಸ್ವಾಮಿ ಗೌಡರು ಪಟೇಲರ ಅಜ್ಜ.

ಗ್ರಾಹಕ ಸಮೀಕ್ಷೆಗಳು

ಗ್ರಾಹಕರ ವರ್ತನೆಯನ್ನು ತಿಳಿಯಲು 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಪ್ರಮುಖ ಆಕರ. ಅದರ 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆಯು ದೇಶದ 2,61,746 ಕುಟುಂಬಗಳನ್ನು ಒಳಗೊಂಡಿತ್ತು. ಅದರ ಪ್ರಕಾರ ಕರ್ನಾಟಕದಲ್ಲಿ ತಲಾ ಮಾಸಿಕ ವೆಚ್ಚ ಗ್ರಾಮೀಣ ಭಾಗದಲ್ಲಿ ರೂ. 4,397 ಹಾಗೂ ನಗರ ಭಾಗದಲ್ಲಿ ರೂ. 7,666. ಇವು ರಾಜ್ಯದ ಸರಾಸರಿಗಳು. ಒಂದು ತಾಲ್ಲೂಕಿನ ಸ್ಥಿತಿಯನ್ನು ಇವುಗಳಿಂದ ನೇರವಾಗಿ ಊಹಿಸಲಾಗದು. ಮತ ಸಮೀಕ್ಷೆಯ ಅಂದಾಜನ್ನು ಎಣಿಕೆಯ ದಿನ ಪರೀಕ್ಷಿಸಬಹುದು. ಗ್ರಾಹಕ ಸಮೀಕ್ಷೆಗೆ ಅಂತಹ ದಿನವಿಲ್ಲ.

ಕಾನೂನು

1951ರ ಜನಪ್ರತಿನಿಧಿ ಕಾಯ್ದೆಯ 126ನೇ ವಿಧಿಯು ಮತದಾನ ಮುಗಿಯುವ ಮೊದಲಿನ 48 ಗಂಟೆಗಳಲ್ಲಿ ವಿದ್ಯುನ್ಮಾನ ಮಾಧ್ಯಮಗಳಲ್ಲಿ ಸಮೀಕ್ಷಾ ಫಲಿತಾಂಶ ಪ್ರಸಾರವನ್ನು ನಿರ್ಬಂಧಿಸುತ್ತದೆ. 2009ರ ತಿದ್ದುಪಡಿಯಿಂದ ಸೇರಿದ 126ಎ ವಿಧಿಯು ಚುನಾವಣಾ ಆಯೋಗ ಸೂಚಿಸಿದ ಅವಧಿಯಲ್ಲಿ ಮತಗಟ್ಟೆ ಸಮೀಕ್ಷೆ ನಡೆಸುವುದನ್ನೂ ಪ್ರಕಟಿಸುವುದನ್ನೂ ನಿಷೇಧಿಸುತ್ತದೆ. ಉಲ್ಲಂಘನೆಗೆ ಎರಡು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು.