ಸೂಚಿಯಿಂದ ಅಳಿಸಿದ ಹೆಸರುಗಳು

2021ರ ಜೂನ್ ಮೊದಲ ವಾರ. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಕೇಳಿದವರಿಗೆ ‘ಕನ್ನಡ’ ಎಂಬ ಉತ್ತರ ಬರುತ್ತಿತ್ತು. ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಕಳಿಸಿ ಎಂದು ಮನೆಮನೆಗೆ ಹೋಗಿ ಕೇಳುವ ಕಾಸರಗೋಡಿನ ನಮ್ಮಂಥ ಶಿಕ್ಷಕರಿಗೆ ಇದು ತಮಾಷೆಯ ಸಂಗತಿಯಾಗಿರಲಿಲ್ಲ. ಜನ ಸಿಟ್ಟಿಗೆದ್ದರು. ಕರ್ನಾಟಕದ ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕಾನೂನು ನೋಟಿಸು ಕೊಡುವುದಾಗಿ ಹೇಳಿದರು. ಗೂಗಲ್ ಆ ಉತ್ತರವನ್ನು ತೆಗೆದು ಕ್ಷಮೆ ಕೇಳಿತು. ನಮಗೆಲ್ಲ ಸಮಾಧಾನವಾಯಿತು, ಆಗಬೇಕಾದದ್ದೇ. ಆದರೆ ಸರಕಾರ ಹೇಳುವುದು, ಶೋಧಯಂತ್ರ ತೆಗೆಯುವುದು ಅಂದು ಶುರುವಾದ ಪದ್ಧತಿಯಲ್ಲ.

ಗೂಗಲ್ ಆ ಮಾತನ್ನು ಬರೆದಿರಲಿಲ್ಲ. ಯಾವುದೋ ಜಾಲತಾಣದಲ್ಲಿದ್ದುದನ್ನು ಅದರ ಯಂತ್ರ ಎತ್ತಿ ತೋರಿಸಿತ್ತು. ಶೋಧಯಂತ್ರವೆಂದರೆ ಗ್ರಂಥಾಲಯದ ಸೂಚಿ ಇದ್ದಂತೆ. ಸೂಚಿಯಿಂದ ಚೀಟಿ ಕಿತ್ತರೂ ಪುಸ್ತಕ ಕಪಾಟಿನಲ್ಲೇ ಇರುತ್ತದೆ, ಹುಡುಕುವವನಿಗೆ ಮಾತ್ರ ಸಿಗುವುದಿಲ್ಲ. ಪುಸ್ತಕ ಸುಡುವುದಕ್ಕಿಂತ ಇದು ಸುಲಭ. ಸದ್ದೂ ಇಲ್ಲ, ಹೊಗೆಯೂ ಇಲ್ಲ!

2002ರ ಅಕ್ಟೋಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಜೊನಾಥನ್ ಜಿಟ್ರೇನ್ ಮತ್ತು ಬೆಂಜಮಿನ್ ಎಡೆಲ್ಮನ್ ಒಂದು ವರದಿ ಪ್ರಕಟಿಸಿದರು. ಗೂಗಲ್‌ನ ಅಮೆರಿಕದ ಪುಟದಲ್ಲಿ ಸಿಗುತ್ತಿದ್ದ ನೂರಕ್ಕೂ ಹೆಚ್ಚು ತಾಣಗಳು ಅದರ ಜರ್ಮನ್ ಮತ್ತು ಫ್ರೆಂಚ್ ಪುಟಗಳಲ್ಲಿ ಸಿಗುತ್ತಿರಲಿಲ್ಲ. ಹೆಚ್ಚಿನವು ನಾಜಿಗಳನ್ನು ಹೊಗಳುವ, ಯಹೂದಿಗಳ ಹತ್ಯಾಕಾಂಡವೇ ನಡೆದಿಲ್ಲ ಎನ್ನುವ ತಾಣಗಳು. ಆ ದೇಶಗಳಲ್ಲಿ ಇಂಥ ಬರಹ ಅಪರಾಧ. ಹಿಟ್ಲರನ ಕಾಲವನ್ನು ಪಾಠ ಮಾಡುವ ನಮಗೆ ಆ ಕಾನೂನಿನ ಹಿಂದಿನ ನೋವು ಅರ್ಥವಾಗುತ್ತದೆ.

ಚೀನಾದ್ದು ಬೇರೆಯೇ ಕಥೆ. 2006ರ ಜನವರಿಯಲ್ಲಿ ಗೂಗಲ್ ಅಲ್ಲಿಗಾಗಿ ಪ್ರತ್ಯೇಕ ಪುಟ ತೆರೆಯಿತು, ಸರಕಾರಕ್ಕೆ ಬೇಡವಾದದ್ದನ್ನು ತೋರಿಸುವುದಿಲ್ಲವೆಂದು ಒಪ್ಪಿಯೇ ತೆರೆಯಿತು. ತಿಯಾನನ್ಮೆನ್ ಚೌಕದ ಚಿತ್ರಗಳನ್ನು ಹುಡುಕಿದರೆ ಹೊರಗಿನವರಿಗೆ 1989ರ ಟ್ಯಾಂಕುಗಳು ಕಾಣುತ್ತಿದ್ದವು, ಚೀನಾದವರಿಗೆ ಪ್ರವಾಸಿಗರ ಫೋಟೋಗಳು. ಒಂದು ಮಾತು ಮಾತ್ರ ಗಮನಿಸಬೇಕು. ಸ್ಥಳೀಯ ಕಾನೂನಿನ ಪ್ರಕಾರ ಕೆಲವು ಫಲಿತಾಂಶಗಳನ್ನು ತೋರಿಸಿಲ್ಲ ಎಂಬ ಸಾಲೊಂದು ಪುಟದ ಕೆಳಗಿರುತ್ತಿತ್ತು. ಏನು ಮುಚ್ಚಿದ್ದಾರೆಂದು ಗೊತ್ತಾಗದಿದ್ದರೂ ಮುಚ್ಚಿದ್ದಾರೆಂದಾದರೂ ಗೊತ್ತಾಗುತ್ತಿತ್ತು. ನಮ್ಮ ದೃಷ್ಟಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. 2010ರ ಮಾರ್ಚ್ 22ರಂದು ಗೂಗಲ್ ಆ ಏರ್ಪಾಡನ್ನು ಕೈಬಿಟ್ಟು ಬಳಕೆದಾರರನ್ನು ತನ್ನ ಹಾಂಗ್‌ಕಾಂಗ್ ಪುಟಕ್ಕೆ ಕಳಿಸತೊಡಗಿತು.

ಮರು ತಿಂಗಳೇ, ಯಾವ ಸರಕಾರ ಎಷ್ಟು ಬಾರಿ ‘ತೆಗೆಯಿರಿ’ ಎಂದಿದೆ ಎಂಬ ಲೆಕ್ಕವನ್ನು ಗೂಗಲ್ ಮೊದಲ ಬಾರಿಗೆ ಹೊರಗಿಟ್ಟಿತು. 2009ರ ಕೊನೆಯ ಆರು ತಿಂಗಳ ಲೆಕ್ಕ ಅದು. ಬ್ರೆಜಿಲ್ 291, ಜರ್ಮನಿ 188, ಭಾರತ 142. ಹುಡುಕಾಟ ಮಾತ್ರವಲ್ಲ, ಆಗ ನಮ್ಮಲ್ಲೂ ಹುಡುಗರ ಅಚ್ಚುಮೆಚ್ಚಾಗಿದ್ದ ಆರ್ಕುಟ್, ಯೂಟ್ಯೂಬ್ ಎಲ್ಲ ಸೇರಿದ ಸಂಖ್ಯೆ. ಚೀನಾದ ಲೆಕ್ಕ ಅದರಲ್ಲಿರಲಿಲ್ಲ. ಅಲ್ಲಿ ಇಂಥ ಬೇಡಿಕೆಯೇ ರಾಜ್ಯರಹಸ್ಯ!

ನಮ್ಮ ದೇಶದ ಸಂಗತಿಯೇನು? ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮು 2009ರ ಅಕ್ಟೋಬರ್ 27ರಂದು ಜಾರಿಗೆ ಬಂತು. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗೆ ಕೇಂದ್ರ ಸರಕಾರ ತಡೆಯಾಜ್ಞೆ ಕೊಡಬಹುದು. ಶೋಧಯಂತ್ರಗಳೂ ಇದರ ವ್ಯಾಪ್ತಿಯಲ್ಲಿವೆ. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 66ಎ ಕಲಮನ್ನು ರದ್ದುಮಾಡಿತು, 69ಎಯನ್ನು ಎತ್ತಿಹಿಡಿಯಿತು. ಕಾರಣವನ್ನು ಬರಹದಲ್ಲಿ ದಾಖಲಿಸಬೇಕೆಂದು ಕಾನೂನು ಹೇಳುತ್ತದೆ, ಒಳ್ಳೆಯದೇ. ಆದರೆ ದೂರು, ಅದರ ಮೇಲಿನ ಕ್ರಮ ಎಲ್ಲವನ್ನೂ ಗೋಪ್ಯವಾಗಿಡಬೇಕೆಂದು 2009ರ ನಿಯಮಗಳ 16ನೇ ನಿಯಮ ಹೇಳುತ್ತದೆ. ದಾಖಲೆ ಇದೆ, ಓದುಗನಿಗಿಲ್ಲ.

ಸಚಿವರು 2021ರಲ್ಲಿ ಕೇಳಿದ್ದು ಎಲ್ಲರೆದುರು. ಅದಕ್ಕೇ ಇಂದು ನಾವು ಅದನ್ನು ಬರೆಯಬಲ್ಲೆವು. ಗುಟ್ಟಾಗಿ ಹೋದ ಪತ್ರಗಳ ಚರಿತ್ರೆಯನ್ನು ಯಾರು ಬರೆಯುವುದು?

ತುರ್ತುಪರಿಸ್ಥಿತಿಯಲ್ಲಿ, 1975ರ ಜೂನ್ 28ರಂದು, ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚುಮಾಡಿತು. ಆ ಸಂಚಿಕೆ ಬಿಡಿಸಿದರೆ ಬಿಳಿ ಜಾಗ ಇಂದಿಗೂ ಕಾಣುತ್ತದೆ, ಎಂಟನೇ ತರಗತಿಯ ಮಗುವಿಗೂ ತೋರಿಸಿ ಪಾಠ ಮಾಡಬಹುದು. ಶೋಧಯಂತ್ರದಲ್ಲಿ ಅಂಥ ಬಿಳಿ ಜಾಗ ಉಳಿಯುವುದಿಲ್ಲ. ಹನ್ನೊಂದನೆಯದು ಹತ್ತನೆಯದಾಗಿ ಮೇಲಕ್ಕೆ ಬರುತ್ತದೆ, ಅಷ್ಟೇ. ಹಾಗಾಗಿ ಪ್ರಾಜೆಕ್ಟ್ ಮಾಡುವ ನಮ್ಮ ಮಕ್ಕಳಿಗೆ ನೋಡಿದ ಪುಟದ ವಿಳಾಸ, ನೋಡಿದ ದಿನಾಂಕ ಎರಡನ್ನೂ ಬರೆದುಕೊಳ್ಳಲು ಹೇಳುತ್ತೇವೆ.