ಸ್ವಂತ ದಾಖಲೆಯ ಹಿಂದಿನ ಅಳತೆ

ಪ್ರತಿ ವರ್ಷ ಜನವರಿಯಲ್ಲಿ ಮುಂಬಯಿಯ ದೊಡ್ಡ ಓಟ ಮುಗಿದ ಬಳಿಕ ನಮ್ಮವರಲ್ಲಿ ಕೆಲವರು ಒಂದು ಅಂಕಿಯನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡುವುದುಂಟು. ‘ಹಾಫ್ ಮ್ಯಾರಥಾನ್, ಒಂದು ತಾಸು ಐವತ್ತೊಂಬತ್ತು ನಿಮಿಷ, ಹೋದ ವರ್ಷ ಎರಡು ತಾಸು ನಾಲ್ಕು ನಿಮಿಷ ಹಿಡಿದಿತ್ತು.’ ಗೆದ್ದವರು ಯಾರು ಎಂದು ಕೇಳಿದರೆ ಇವರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಅವರು ಗೆದ್ದದ್ದು ತಮ್ಮನ್ನೇ. ಓಟಗಾರರು ಇದನ್ನು ‘ಪರ್ಸನಲ್ ಬೆಸ್ಟ್’ ಎನ್ನುತ್ತಾರೆ. ನಾವು ಸ್ವಂತ ದಾಖಲೆ ಎನ್ನೋಣ.

ಈ ಮಾತನ್ನು ಕೇಳಿ ತಲೆದೂಗುವಾಗ ನಾವು ಎರಡು ಸಂಗತಿಗಳನ್ನು ಒಪ್ಪಿಕೊಂಡಿರುತ್ತೇವೆ. ಹೋದ ವರ್ಷದ ಹಾದಿಯೂ ಈ ವರ್ಷದ ಹಾದಿಯೂ ಒಂದೇ ಉದ್ದದವು ಎಂಬುದು ಒಂದು. ಎರಡೂ ಸಲ ಗಡಿಯಾರ ಅದೇ ನ್ಯಾಯದಿಂದ ಓಡಿತು ಎಂಬುದು ಇನ್ನೊಂದು. ಇವೆರಡೂ ತಾವಾಗಿ ಒದಗಿ ಬಂದವಲ್ಲ. ಓಟದ ಚರಿತ್ರೆ ಎಂದರೆ ಗೆದ್ದವರ ಪಟ್ಟಿ ಎಂದೇ ನಾವು ತಿಳಿದಿದ್ದೇವೆ. ಆದರೆ ರಸ್ತೆಯನ್ನು ಸರಿಯಾಗಿ ಅಳೆಯಲು ಮನುಷ್ಯ ಪಟ್ಟ ಪಾಡಿಗೂ ಒಂದು ಚರಿತ್ರೆಯಿದೆ, ಅದರಲ್ಲಿ ನಮ್ಮ ಕಡೆಯ ಒಬ್ಬ ಓಟಗಾರನ ಲೆಕ್ಕವೂ ಸೇರಿಕೊಂಡಿದೆ.

ನಮ್ಮ ಹಿರಿಯರಿಗೆ ದೂರದ ಅಳತೆ ಇರಲಿಲ್ಲವೆಂದಲ್ಲ. ಕೂಗಳತೆ, ಹರದಾರಿ, ಗಾವುದ ಎಲ್ಲವೂ ಇದ್ದವು. ಆದರೆ ಕೂಗಿನ ದನಿ ಊರಿಗೊಂದು. ಹರದಾರಿಯೂ ಸೀಮೆಯಿಂದ ಸೀಮೆಗೆ ಹಿಗ್ಗಿ ಕುಗ್ಗುತ್ತಿತ್ತು. 1672ರಲ್ಲಿ ಚಿಕ್ಕದೇವರಾಜ ಒಡೆಯರು ಆರಂಭಿಸಿ 1889ರಲ್ಲಿ ಬ್ರಿಟಿಷ್ ಅಂಚೆಯೊಡನೆ ಕೂಡಿಹೋದ ಮೈಸೂರು ಅಂಚೆಯಲ್ಲಿ ಓಡುವವರಿಗೇನೂ ಕೊರತೆಯಿರಲಿಲ್ಲ. ಅವರಿಂದ ಬೇಡುತ್ತಿದ್ದದ್ದು ಟಪಾಲು ಹೊತ್ತಿಗೆ ಮುಟ್ಟಬೇಕೆಂಬುದಷ್ಟೆ. ನಿನ್ನೆಗಿಂತ ಇಂದು ಎಷ್ಟು ಕ್ಷಣ ಬೇಗ ಬಂದೆ ಎಂದು ಅವರನ್ನು ಕೇಳುವವರೂ ಇರಲಿಲ್ಲ, ಕೇಳಿದರೆ ಹೇಳುವ ಸಾಧನವೂ ಇರಲಿಲ್ಲ.

ಮ್ಯಾರಥಾನ್ ಓಟ ಹುಟ್ಟಿದ್ದೂ ಹೀಗೆ ಅಳತೆಯಿಲ್ಲದೆಯೇ. ಗ್ರೀಕರ ಫೀಡಿಪಿಡಿಸ್ ಮ್ಯಾರಥಾನ್ ಬಯಲಿನಿಂದ ಅಥೆನ್ಸಿಗೆ ಓಡಿಬಂದು ಗೆಲುವಿನ ಸುದ್ದಿ ಹೇಳಿ ಪ್ರಾಣ ಬಿಟ್ಟನೆಂಬ ಕಥೆ ಎಲ್ಲರಿಗೂ ಗೊತ್ತು. ಆ ಯುದ್ಧಕ್ಕೆ ಹತ್ತಿರದ ಕಾಲದವನಾದ ಹೆರೊಡೊಟಸ್ ಹೇಳುವುದು ಮಾತ್ರ ಬೇರೆ: ಆತ ಓಡಿದ್ದು ನೆರವು ಕೇಳಲು, ಅಥೆನ್ಸಿನಿಂದ ಸ್ಪಾರ್ಟಾಕ್ಕೆ, ಸುಮಾರು 240 ಕಿ.ಮೀ. ಸಾಯುವ ಕಥೆ ಬಂದದ್ದು ಶತಮಾನಗಳ ನಂತರದ ಲೇಖಕರಿಂದ. ಅದೇನೇ ಇರಲಿ, ಫ್ರಾನ್ಸಿನ ವಿದ್ವಾಂಸ ಮಿಶೆಲ್ ಬ್ರೆಯಾಲ್ ಅವರ ಸಲಹೆಯಂತೆ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆ ಹಾದಿಯ ಮೇಲೆ ಓಟ ನಡೆದು ಗ್ರೀಸಿನ ಸ್ಪಿರಿಡಾನ್ ಲೂಯಿಸ್ 2 ತಾಸು 58 ನಿಮಿಷ 50 ಸೆಕೆಂಡಿನಲ್ಲಿ ಗೆದ್ದ. ಹಾದಿ ಸುಮಾರು 40 ಕಿ.ಮೀ. ಈ ‘ಸುಮಾರು’ ಎಂಬ ಪದವೇ ಮುಂದಿನ ಕಾಲು ಶತಮಾನದ ರಗಳೆಗೆಲ್ಲ ಮೂಲ.

1908ರಲ್ಲಿ ಲಂಡನ್ನಿನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಮನೆತನದ ಆಸನದ ಮುಂದೆ ಮುಗಿಯುವಂತೆ ಹಾದಿ ಹಾಕಿದ್ದರಿಂದ ಅದು 26 ಮೈಲಿ 385 ಗಜವಾಯಿತು, ಅಂದರೆ 42.195 ಕಿ.ಮೀ. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಮತ್ತೆ 40.2ಕ್ಕೆ ಇಳಿಯಿತು. ಆ ದಿನಗಳಲ್ಲಿ ಮ್ಯಾರಥಾನ್ ಎಂದರೆ ಬಹು ದೂರದ ಓಟ ಎಂದಷ್ಟೇ ಅರ್ಥ. ನಮ್ಮ ಊರುಗಳಲ್ಲಿ ‘ಮಿನಿ ಮ್ಯಾರಥಾನ್’ ಎಂಬ ಫಲಕ ಕಟ್ಟಿ ಐದು ಕಿ.ಮೀ. ಆದರೂ ಸರಿ, ಏಳಾದರೂ ಸರಿ ಎಂದು ಓಡಿಸುತ್ತಾರಲ್ಲ, ಹಾಗೆ.

ಇನ್ನು 1920ಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ.

ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡೆಗಳು ನಡೆದವು. ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರ ಕಣ್ಣಿಗೆ ಬಿದ್ದವರು ಬರಿಗಾಲಿನಲ್ಲಿ ಓಡುತ್ತಿದ್ದ ಹಳ್ಳಿಯ ರೈತಾಪಿ ಯುವಕರು. ಅವರಿಗೆ ಯುರೋಪಿನ ಓಟದ ಕಟ್ಟಳೆಗಳ ಪರಿಚಯವಿರಲಿಲ್ಲ. ಆದರೂ ಅವರು ತೆಗೆದುಕೊಂಡ ಸಮಯವನ್ನು ನೋಡಿದಾಗ ಇದು ಯುರೋಪಿನವರ ಸಮಯಕ್ಕೆ ಅಷ್ಟೇನೂ ದೂರವಿಲ್ಲ ಎಂದು ದೊರಾಬ್ಜಿಯವರಿಗೆ ಅನ್ನಿಸಿತು. ಭಾರತದಿಂದ ಒಂದು ತಂಡ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೋಗಲು ಇದೇ ಮೊದಲ ಕಾರಣ. ಗಮನಿಸಬೇಕಾದದ್ದೆಂದರೆ, ಆ ಯುವಕರನ್ನು ಹಡಗು ಹತ್ತಿಸಿದ್ದು ಶಿಫಾರಸಲ್ಲ, ಗಡಿಯಾರ.

ಆ ಚಿಕ್ಕ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಬೆಳಗಾವಿ ಆಗ ಮುಂಬಯಿ ಇಲಾಖೆಗೆ ಸೇರಿದ್ದ ಊರು. ಅಲ್ಲಿಂದ ಪುಣೆ–ಮುಂಬಯಿಗಳಿಗೆ ಬದುಕು ಹುಡುಕಿ ಬರುವ ದಾರಿ ನಮ್ಮ ಓದುಗರಲ್ಲಿ ಎಷ್ಟೋ ಮನೆತನಗಳಿಗೆ ಪರಿಚಿತ. 1920ರ ಆಗಸ್ಟ್ 22ರಂದು ಚೌಗುಲೆಯವರು ಆಂಟ್‌ವರ್ಪಿನಲ್ಲಿ ಮಳೆಹನಿಯ ತಂಪಿನಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು. ಸಮಯ 2 ತಾಸು 50 ನಿಮಿಷ 45.4 ಸೆಕೆಂಡು. ಗೆದ್ದವರು ಫಿನ್ಲೆಂಡಿನ ಹಾನೆಸ್ ಕೊಲೆಹ್ಮಯಿನೆನ್, 2 ತಾಸು 32 ನಿಮಿಷ 35.8 ಸೆಕೆಂಡು.

ಭಾರತದ ಕ್ರೀಡಾ ಚರಿತ್ರೆಯನ್ನು ಬರೆಯುವವರು ಚೌಗುಲೆಯವರ ಸಮಯವನ್ನು ಹೀಗೆ ಕೊಟ್ಟು ಮುಂದೆ ಹೋಗುತ್ತಾರೆ. ಓದಿದ ಇಂದಿನ ಓಟಗಾರ ಅದನ್ನು ತನ್ನ ಸಮಯದ ಪಕ್ಕದಲ್ಲಿಟ್ಟು ನೋಡುತ್ತಾನೆ. ಇದು ಅನ್ಯಾಯ. ಏಕೆಂದರೆ ಆಂಟ್‌ವರ್ಪಿನ ಹಾದಿ 42.195 ಅಲ್ಲ, 42.75 ಕಿ.ಮೀ. ಒಲಿಂಪಿಕ್ಸಿನ ಮ್ಯಾರಥಾನ್ ಹಾದಿಗಳಲ್ಲೆಲ್ಲ ಅದೇ ಉದ್ದದ್ದು. ಲೆಕ್ಕ ಹಾಕಿ ನೋಡಿದರೆ ಚೌಗುಲೆಯವರು ಕಿಲೋಮೀಟರಿಗೆ ಸರಿಸುಮಾರು ನಾಲ್ಕು ನಿಮಿಷದಂತೆ ಓಡಿದ್ದಾರೆ. ಹೆಚ್ಚಿಗೆ ಓಡಿದ 555 ಮೀಟರಿಗೆ 2 ನಿಮಿಷ 13 ಸೆಕೆಂಡು ಹಿಡಿಯುತ್ತದೆ. ಅದನ್ನು ಕಳೆದರೆ ಇಂದಿನ ಅಳತೆಯ ಹಾದಿಗೆ ಅವರ ಸಮಯ 2 ತಾಸು 48 ನಿಮಿಷ 32 ಸೆಕೆಂಡಿನ ಹತ್ತಿರ ನಿಲ್ಲುತ್ತದೆ. ಎರಡು ನಿಮಿಷದಲ್ಲೇನಿದೆ ಎಂದು ಓಡದವರು ಕೇಳಬಹುದು. ಎರಡು ನಿಮಿಷ ತಗ್ಗಿಸಲು ಒಂದಿಡೀ ವರ್ಷ ಬೆಳಗಿನ ಐದಕ್ಕೆ ಎದ್ದವರನ್ನು ಕೇಳಿ ನೋಡಲಿ.

ಮರುವರ್ಷ, 1921ರಲ್ಲಿ, ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟ ಲಂಡನ್ನಿನ 42.195 ಕಿ.ಮೀ.ಯನ್ನೇ ಖಾಯಂ ಮಾಡಿತು. ಅದರ ಅರ್ಧವೇ ನಮ್ಮ ಹಾಫ್ ಮ್ಯಾರಥಾನಿನ 21.0975. ಆದರೆ ಕಾಗದದ ಮೇಲೆ ಅಂಕಿ ಬರೆದ ಮಾತ್ರಕ್ಕೆ ರಸ್ತೆ ಅಷ್ಟುದ್ದವಾಗುವುದಿಲ್ಲ. ಕಾರಿನ ಮೀಟರು ನೋಡಿ, ನಕ್ಷೆಯ ಮೇಲೆ ದಾರ ಎಳೆದು ಅಳೆಯುವ ಪದ್ಧತಿ ಎಷ್ಟೋ ಕಾಲ ನಡೆಯಿತು. ಇದನ್ನು ಸರಿಪಡಿಸಿದವರು ದೊಡ್ಡ ವಿಜ್ಞಾನಿಗಳಲ್ಲ, ಓಟದ ಹುಚ್ಚು ಹಿಡಿದ ಸಾಮಾನ್ಯರು. ಬ್ರಿಟನ್ನಿನ ಜಾನ್ ಜುವೆಲ್ 1961ರಲ್ಲಿ ರಸ್ತೆ ಅಳತೆಯ ವಿಧಾನಗಳ ಬಗ್ಗೆ ಬರೆದರು. ಅದರಿಂದ ಪ್ರೇರಿತರಾಗಿ ಅಮೆರಿಕದ ಟೆಡ್ ಕಾರ್ಬಿಟ್ 1964ರಲ್ಲಿ ತಮ್ಮ ಪುಸ್ತಿಕೆಯನ್ನು ಪ್ರಕಟಿಸಿದರು. ಈ ಕಾರ್ಬಿಟ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿದ ಕರಿಯ ಜನಾಂಗದ ಓಟಗಾರ, ವೃತ್ತಿಯಿಂದ ಫಿಸಿಯೊಥೆರಪಿಸ್ಟ್.

ಅವರು ಆರಿಸಿಕೊಂಡ ಸಾಧನ ಸೈಕಲ್! ಉಕ್ಕಿನ ಟೇಪಿನಿಂದ ನೇರ ರಸ್ತೆಯಲ್ಲಿ ಮುನ್ನೂರು ಮೀಟರೋ ಅದಕ್ಕಿಂತ ಹೆಚ್ಚೋ ಅಳೆದು ಗುರುತು ಹಾಕುವುದು. ಅದರ ಮೇಲೆ ಸೈಕಲ್ ಹೊಡೆದು ಚಕ್ರ ಎಷ್ಟು ಸುತ್ತು ತಿರುಗಿತೆಂದು ಎಣಿಸುವುದು. ಆಮೇಲೆ ಇಡೀ ಹಾದಿಯನ್ನು ಅದೇ ಸೈಕಲ್ಲಿನಲ್ಲಿ ಕ್ರಮಿಸುವುದು. ಬಿಸಿಲೇರಿದಂತೆ ಟೈರು ಹಿಗ್ಗಿ ಲೆಕ್ಕ ತಪ್ಪುವುದರಿಂದ ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಟೇಪಿನ ಗುರುತಿಗೆ ಬಂದು ತಾಳೆ ನೋಡಬೇಕು. 1971ರಲ್ಲಿ ಅಮೆರಿಕದ ಎಂಜಿನಿಯರ್ ಅಲನ್ ಜೋನ್ಸ್ ಮುಂಚಕ್ರಕ್ಕೆ ಜೋಡಿಸುವ ಒಂದು ಪುಟ್ಟ ಎಣಿಕೆಯಂತ್ರವನ್ನು ಕಂಡುಹಿಡಿದರು. ಅದು ಚಕ್ರದ ಒಂದೊಂದು ಸುತ್ತನ್ನೂ ಇಪ್ಪತ್ತರಷ್ಟು ಭಾಗ ಮಾಡಿ ಎಣಿಸುತ್ತಿತ್ತು. ಉಪಗ್ರಹಗಳ ಈ ಕಾಲದಲ್ಲೂ ಹಾದಿಗೆ ಪ್ರಮಾಣಪತ್ರ ಸಿಗಬೇಕಾದರೆ ಹೀಗೆಯೇ ಸೈಕಲ್ ಹೊಡೆದು ಅಳೆಯಬೇಕು.

ಈ ಹಟ ಅನಗತ್ಯವೆಂದು ಕಂಡರೆ 1981ರ ನ್ಯೂಯಾರ್ಕ್ ಓಟವನ್ನು ನೆನೆಯಬಹುದು. ಆಲ್ಬರ್ಟೊ ಸಲಝಾರ್ 2 ತಾಸು 8 ನಿಮಿಷ 13 ಸೆಕೆಂಡಿನಲ್ಲಿ ಗುರಿ ಮುಟ್ಟಿ, ಡೆರೆಕ್ ಕ್ಲೇಟನ್ 1969ರಲ್ಲಿ ಸ್ಥಾಪಿಸಿದ್ದ ದಾಖಲೆಯನ್ನು ಸುಮಾರು 20 ಸೆಕೆಂಡುಗಳಿಂದ ಮುರಿದರೆಂದು ಜಗತ್ತೆಲ್ಲ ಕೊಂಡಾಡಿತು. ಕೆಲವು ವರ್ಷಗಳ ನಂತರ ಆ ಹಾದಿಯನ್ನು ಮತ್ತೆ ಅಳೆದಾಗ ಅದು ಸುಮಾರು 150 ಮೀಟರ್ ಕಡಿಮೆ ಎಂದು ಹೊರಬಿತ್ತು. ಸಲಝಾರರ ವೇಗಕ್ಕೆ ಅದು 27 ಸೆಕೆಂಡಿನ ದಾರಿ. ಮುರಿದ 20 ಸೆಕೆಂಡೂ ಅದರಲ್ಲೇ ಕರಗಿಹೋಯಿತು. ಓಡಿದವರ ತಪ್ಪೇನೂ ಇರಲಿಲ್ಲ. ಕ್ಲೇಟನ್ ಓಡಿದ ಹಾದಿಯ ಬಗೆಗೂ ಗಿಡ್ಡವೆಂಬ ಸಂಶಯ ಉಳಿದೇ ಇದೆ. ಆ ಓಟ ನಡೆದದ್ದು ಎಲ್ಲಿ ಎಂದಿರಿ? ಅದೇ ಆಂಟ್‌ವರ್ಪಿನಲ್ಲಿ. ನಮ್ಮ ಚೌಗುಲೆಯವರಿಗೆ ಅರ್ಧ ಕಿಲೋಮೀಟರು ಹೆಚ್ಚಿಗೆ ಓಡಿಸಿದ ಊರು!

ಇಂತಹ ಕಹಿ ಅನುಭವಗಳಿಂದ 1980ರ ದಶಕದಲ್ಲಿ ಒಂದು ಕಟ್ಟಳೆ ನೆಲೆಯೂರಿತು. ಕಿಲೋಮೀಟರಿಗೆ ಒಂದು ಮೀಟರಿನಂತೆ ಹಾದಿಯನ್ನು ಬೇಕೆಂದೇ ಉದ್ದ ಮಾಡಬೇಕು. ಹಾಫ್ ಮ್ಯಾರಥಾನಿಗೆ 21 ಮೀಟರ್. ಹಾಲಿನವನು ಪಾವಿನ ಮೇಲೆ ಕೊಸರು ಹಾಕಿದಂತೆ, ಕಡಿಮೆಯಾಯಿತೆಂಬ ದೂರು ಬಾರದಿರಲೆಂದು.

ಹಾಫ್ ಮ್ಯಾರಥಾನ್ ಮ್ಯಾರಥಾನಿನ ತಮ್ಮ. ಒಲಿಂಪಿಕ್ಸಿನಲ್ಲಿ ಅದಕ್ಕೆ ಸ್ಥಾನವಿಲ್ಲ. 1970ರ ದಶಕದಲ್ಲಿ ಪಶ್ಚಿಮದ ನೌಕರಿವಂತರು, ಗೃಹಿಣಿಯರು ರಸ್ತೆಗಿಳಿದು ಓಡತೊಡಗಿದಾಗ, ಮೈ ಮುರಿಯದೆ ಆದರೆ ಮೈಗಳ್ಳತನಕ್ಕೂ ಎಡೆಯಿಲ್ಲದೆ ಓಡಬಹುದಾದ ದೂರವೆಂದು ಅದು ಜನಪ್ರಿಯವಾಯಿತು. ಇಂಗ್ಲೆಂಡಿನ ನ್ಯೂಕಾಸಲ್‌ನಿಂದ ಸೌತ್ ಶೀಲ್ಡ್ಸ್‌ವರೆಗಿನ ‘ಗ್ರೇಟ್ ನಾರ್ತ್ ರನ್’ 1981ರಲ್ಲಿ ಆರಂಭವಾಯಿತು. 1992ರಲ್ಲಿ ಮೊದಲ ವಿಶ್ವ ಹಾಫ್ ಮ್ಯಾರಥಾನ್ ಸ್ಪರ್ಧೆ ನಡೆದದ್ದೂ ಅದೇ ಸೀಮೆಯಲ್ಲಿ. ಆದರೂ ಅದರ ಅಧಿಕೃತ ವಿಶ್ವದಾಖಲೆಯ ಪಟ್ಟಿ ಆರಂಭವಾದದ್ದು 2004ರಲ್ಲಷ್ಟೆ. ಹಾದಿಯ ಆರಂಭ ಮತ್ತು ಕೊನೆಗಳ ನಡುವಿನ ನೇರ ಅಂತರ ಓಟದ ಅರ್ಧಕ್ಕಿಂತ ಹೆಚ್ಚಿರಬಾರದು, ಇಳಿಜಾರು ಕಿಲೋಮೀಟರಿಗೆ ಒಂದು ಮೀಟರನ್ನು ಮೀರಬಾರದು ಎಂಬ ಷರತ್ತುಗಳೂ ಇವೆ. ಬೆನ್ನ ಹಿಂದಿನ ಗಾಳಿಯನ್ನೂ ಇಳಿಜಾರನ್ನೂ ಕಾಲಿನ ಸಾಧನೆಯೆಂದು ಎಣಿಸಬಾರದಲ್ಲ. 2019ರಲ್ಲಿ ಕೆನ್ಯಾದ ಬ್ರಿಜಿಡ್ ಕೊಸ್ಗೆಯಿ ಗ್ರೇಟ್ ನಾರ್ತ್ ರನ್ನನ್ನು 64 ನಿಮಿಷ 28 ಸೆಕೆಂಡಿನಲ್ಲಿ ಮುಗಿಸಿದರು. ಆಗಿನ ಮಹಿಳಾ ವಿಶ್ವದಾಖಲೆ 64 ನಿಮಿಷ 51 ಸೆಕೆಂಡು. ಆದರೂ ಹಾದಿ ಒಂದೂರಿನಿಂದ ಇನ್ನೊಂದೂರಿಗೆ ಸಾಗುವಂಥದು ಎಂಬ ಕಾರಣಕ್ಕೆ ಅದು ದಾಖಲೆಯಾಗಲಿಲ್ಲ. ಕೊಸ್ಗೆಯಿಯವರ ಸ್ವಂತ ಲೆಕ್ಕದಲ್ಲಿ ಆ ಅಂಕಿ ಏನಾಗಬೇಕೆಂಬುದು ಚರ್ಚೆಯ ವಿಷಯ. ಓಡಿದ್ದಂತೂ ಓಡಿದ್ದೇ ಎಂಬುದು ನಮ್ಮ ಅಭಿಪ್ರಾಯ.

ಪುರುಷರ ದಾಖಲೆಯಲ್ಲಿ ಇನ್ನೂ ಸ್ವಾರಸ್ಯವಿದೆ. 2020ರಲ್ಲಿ ಕೆನ್ಯಾದ ಕಿಬಿವೊಟ್ ಕಾಂಡಿ ವೆಲೆನ್ಸಿಯಾದಲ್ಲಿ 57 ನಿಮಿಷ 32 ಸೆಕೆಂಡು. 2021ರಲ್ಲಿ ಉಗಾಂಡಾದ ಜೇಕಬ್ ಕಿಪ್ಲಿಮೊ ಲಿಸ್ಬನ್ನಿನಲ್ಲಿ 57:31. 2024ರಲ್ಲಿ ಇಥಿಯೋಪಿಯಾದ ಯೊಮಿಫ್ ಕೆಜೆಲ್ಚಾ ಮತ್ತೆ ವೆಲೆನ್ಸಿಯಾದಲ್ಲಿ 57:30. ಒಂದೊಂದೇ ಸೆಕೆಂಡು! ಆ ವೇಗದಲ್ಲಿ ಒಂದು ಸೆಕೆಂಡೆಂದರೆ ಆರು ಮೀಟರು. ಹಾದಿಗೆ ಕೊಸರಾಗಿ ಹಾಕಿದ 21 ಮೀಟರಿನಲ್ಲಿ ಇಂತಹ ಮೂರು ದಾಖಲೆಗಳು ಅಡಗಿ ಕೂರಬಹುದು. ಸೈಕಲ್ ಹೊಡೆಯುವವನ ಕೈ ಎಷ್ಟು ನೆಟ್ಟಗಿರಬೇಕು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ನಮ್ಮ ದೇಶದಲ್ಲಿ ಪುಣೆಯ ಅಂತರರಾಷ್ಟ್ರೀಯ ಮ್ಯಾರಥಾನ್ 1983ರಲ್ಲಿ, ಮುಂಬಯಿಯದು 2004ರಲ್ಲಿ, ದಿಲ್ಲಿಯ ಹಾಫ್ ಮ್ಯಾರಥಾನ್ 2005ರಲ್ಲಿ ಆರಂಭವಾದವು. ದಿಲ್ಲಿಯ ಹಾದಿಯಲ್ಲಿಯೇ 2020ರ ನವೆಂಬರಿನಲ್ಲಿ ಬೀಡ್ ಜಿಲ್ಲೆಯ ರೈತ ಕುಟುಂಬದಿಂದ ಬಂದ ಸೈನಿಕ ಅವಿನಾಶ್ ಸಾಬ್ಳೆ 1 ತಾಸು 30 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಸ್ಥಾಪಿಸಿದರು. ಸ್ಥಾನ ಮಾತ್ರ ಹತ್ತನೆಯದು. ಆದರೆ ಹಾದಿ ಅಳೆದದ್ದಾಗಿತ್ತು. ಆದ್ದರಿಂದ ಅವರ ಅಂಕಿಯನ್ನು ಜಗತ್ತಿನ ಯಾವ ಅಂಕಿಯ ಪಕ್ಕದಲ್ಲಾದರೂ ಇಡಬಹುದು. ನೂರು ವರ್ಷ ಹಿಂದೆ ಚೌಗುಲೆಯವರಿಗೆ ದಕ್ಕದೆ ಹೋದದ್ದು ಇದೇ.

ಇನ್ನು ಗಡಿಯಾರದ ಮಾತು. ಸಾವಿರಾರು ಜನ ಒಟ್ಟಿಗೆ ಹೊರಡುವ ಓಟದಲ್ಲಿ ಹಿಂದೆ ನಿಂತವರು ಆರಂಭದ ಗೆರೆ ತಲುಪುವ ಹೊತ್ತಿಗೇ ಐದಾರು ನಿಮಿಷ ಕಳೆದಿರುತ್ತದೆ. 1996ರಲ್ಲಿ ಬೋಸ್ಟನ್ ಮ್ಯಾರಥಾನಿನ ನೂರನೆಯ ಓಟದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಓಟಗಾರರ ಬೂಟಿಗೆ ಪುಟ್ಟ ಚಿಪ್ಪು ಕಟ್ಟಿ ಗೆರೆ ದಾಟಿದ ಗಳಿಗೆಯನ್ನು ದಾಖಲಿಸಿದರು. ಅಂದಿನಿಂದ ಈ ಪದ್ಧತಿ ಎಲ್ಲೆಡೆ ಹಬ್ಬಿ, ಪ್ರಮಾಣಪತ್ರಗಳಲ್ಲಿ ಎರಡು ಸಮಯಗಳು ಕಾಣಿಸಿಕೊಂಡವು: ಪಿಸ್ತೂಲು ಹಾರಿದಂದಿನಿಂದ ಒಂದು, ಗೆರೆ ದಾಟಿದಂದಿನಿಂದ ಇನ್ನೊಂದು. ಬಹುಮಾನಕ್ಕೂ ದಾಖಲೆಗೂ ಮೊದಲನೆಯದೇ ಪ್ರಮಾಣ. ಸ್ವಂತ ದಾಖಲೆಗೆ ಎರಡನೆಯದನ್ನು ಹೇಳಿಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ.

ಕೊನೆಗೆ ಒಂದು ತಕರಾರು. ‘ನನ್ನ ಕೈಗಡಿಯಾರ 21.4 ಕಿ.ಮೀ. ತೋರಿಸಿತು, ಹಾದಿಯೇ ಉದ್ದ’ ಎಂದು ದೂರುವವರು ಪ್ರತಿ ಓಟದ ನಂತರವೂ ಇರುತ್ತಾರೆ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ತಡವರಿಸುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು, ಹಾದಿ ಅಳೆಯುವವನು ಪ್ರತಿ ತಿರುವಿನಲ್ಲೂ ಒಳ ಅಂಚಿನಿಂದ ಒಂದಡಿಯಷ್ಟೇ ದೂರದಲ್ಲಿ, ಅತ್ಯಂತ ಗಿಡ್ಡ ದಾರಿಯಲ್ಲಿ ಸೈಕಲ್ ಹೊಡೆದಿರುತ್ತಾನೆ. ನಮ್ಮವರು ಗೆಳೆಯರನ್ನು ಮಾತನಾಡಿಸುತ್ತ, ನೀರಿನ ಮೇಜಿನತ್ತ ಸರಿಯುತ್ತ, ಫೋಟೋ ತೆಗೆಯುವವನ ಕಡೆಗೆ ಕೈ ಬೀಸುತ್ತ ರಸ್ತೆಯ ಅಗಲವನ್ನೆಲ್ಲ ಅಳೆದಿರುತ್ತಾರೆ. ಮುಂದಿನ ಜನವರಿಯಲ್ಲಿ ಸ್ವಂತ ದಾಖಲೆಯಿಂದ ಒಂದೆರಡು ನಿಮಿಷ ತಗ್ಗಿಸಬೇಕೆಂದಿರುವವರು ತಿರುವಿನಲ್ಲಿ ಒಳ ಅಂಚನ್ನು ಹಿಡಿದು ಓಡಲಿ.